ಸಾಲಿನಲ್ಲಿ ನಿಂತ ಚೀಲ

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಗೆ ಒಂದು ಬಟ್ಟೆಯ ಚೀಲ ತೂಗುತ್ತಿರುತ್ತದೆ. ನೀವು ಎಂದಾದರೂ ಜಾವಗಲ್ಲಿಗೆ ಬಂದು ನಮ್ಮ ಮನೆಯ ಹೊಸ್ತಿಲು ದಾಟಿದ್ದರೆ ಅದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ, ಆದರೆ ಮನಸ್ಸಿನಲ್ಲಿ ಉಳಿದಿರಲಾರದು. ಚೀಲಗಳ ಹಣೆಬರಹವೇ ಹಾಗೆ, ಹೊತ್ತುಕೊಂಡು ಹೋಗುವವರೆಗೆ ಮಾತ್ರ ಅವುಗಳ ನೆನಪು. ಅಮ್ಮ ರವಿಕೆ ಹೊಲಿದು ಉಳಿದ ಚೂರುಗಳನ್ನು ಜೋಡಿಸಿ ಮಾಡಿದ ಚೀಲ ಅದು. ಹನ್ನೊಂದು ಬಣ್ಣ, ಇಪ್ಪತ್ತಾರು ಚೂರು. ಎಣಿಸಿದ್ದೇನೆ. ಎಣಿಸುವುದು ನನ್ನ ಚಾಳಿ.

ಈ ಚಾಳಿ ಎಲ್ಲಿಂದ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ, ಮುಂದಿನದ್ದು ನಿಮಗೆ ಅರ್ಥವಾಗಲು ಅದು ಬೇಕು. ಅಮ್ಮ ಊರಿಗೆಲ್ಲ ಟೈಲರ್ ಸರೋಜಮ್ಮ. ನಾನು ಏಳನೆಯ ತರಗತಿಯಲ್ಲಿದ್ದಾಗ ಅವಳ ಬಲಗಿವಿ ಮಂದವಾಯಿತು, ಹೈಸ್ಕೂಲು ಮುಗಿಸುವ ಹೊತ್ತಿಗೆ ಎಡಗಿವಿಯೂ ಅದರ ಹಿಂದೆ ಹೊರಟಿತು. ಗಿರಾಕಿಗಳು ಕತ್ತಿನ ಆಳ, ತೋಳಿನ ಉದ್ದ, ಯಾವ ಮದುವೆಗೆ ಯಾವ ದಿನ ಬೇಕು ಎಂದು ಎರಡೆರಡು ಸಲ ಹೇಳಿ ಸೋತಾಗ ನಾನು ಪಕ್ಕದಲ್ಲಿ ಕುಳಿತು ಬರೆದುಕೊಳ್ಳತೊಡಗಿದೆ. ದಿನಾಂಕ, ಅದರ ಕೆಳಗೊಂದು ಗೆರೆ, ಆಮೇಲೆ ಲೆಕ್ಕ. ಅಳತೆ ಪುಸ್ತಕದ ಆ ಕ್ರಮವೇ ನನ್ನ ದಿನಚರಿಗೂ ಬಂದು ಸೇರಿತು. ಇವತ್ತಿಗೂ ಒಂದು ದಿನ ನನ್ನ ಪಾಲಿಗೆ ಮುಗಿಯುವುದು ಅದರ ಅಡಿಯಲ್ಲಿ ಗೆರೆ ಎಳೆದು ಕೂಡಿಸಿದ ಮೇಲೆಯೇ. "ನನ್ನ ಕಿವಿ ನೀನೇ ಕಣೇ," ಎನ್ನುತ್ತಿದ್ದಳು ಅಮ್ಮ, ಗಿರಾಕಿಗಳ ಮುಂದೆ, ಹೆಮ್ಮೆಯಿಂದ.

ಆದರೆ ಹೊಲಿಗೆ ಯಂತ್ರದ ಸದ್ದನ್ನು ನನಗೆ ಬರೆದುಕೊಡಲು ಬರುವುದಿಲ್ಲವಲ್ಲ. ಕೆಳಗಿನ ಬಾಬಿನ್ನಿನಲ್ಲಿ ದಾರ ಮುಗಿದರೆ ಯಂತ್ರದ ಸದ್ದು ಕೊಂಚ ಬದಲಾಗುತ್ತದಂತೆ, ಪಳಗಿದ ಕಿವಿಗೆ ತಕ್ಷಣ ತಿಳಿಯುತ್ತದಂತೆ. ಅಮ್ಮ ಈಚೆಗೆ ದಾರ ಮುಗಿದದ್ದು ತಿಳಿಯದೆ ಇಡೀ ಒಂದು ಅಂಚನ್ನು ಹೊಲಿದು, ಬಟ್ಟೆ ಎತ್ತಿದಾಗ ಅದು ಎರಡಾಗಿ ಬೇರೆಯಾಗುವುದನ್ನು ನೋಡಿ ಮತ್ತೆ ಮೊದಲಿನಿಂದ ಹೊಲಿಯುತ್ತಿದ್ದಳು. ಗಿರಾಕಿಗಳು ಒಬ್ಬೊಬ್ಬರಾಗಿ ಬಸ್‌ ನಿಲ್ದಾಣದ ಪಕ್ಕದ ಹೊಸ ಅಂಗಡಿಗೆ ಹೋಗತೊಡಗಿದ್ದರು. ಹೀಗಿರುವಾಗ ನಮ್ಮೂರಿನ ಆಶಾ ಕಾರ್ಯಕರ್ತೆ ಒಂದು ಸುದ್ದಿ ತಂದರು: ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಶನಿವಾರ ಶಿಬಿರ, ಮೊದಲ ನೂರು ಜನಕ್ಕೆ ಕಿವಿ ಪರೀಕ್ಷಿಸಿ ಅಲ್ಲೇ ಕಿವಿಗೆ ಹಾಕುವ ಯಂತ್ರ ಕೊಡುತ್ತಾರೆ. ಅಪ್ಪನಿಗೆ ಅಂದು ತೋಟಕ್ಕೆ ನೀರು ಹಾಯಿಸುವ ಸರದಿ. ಹೊರಟವರು ನಾನು, ಅಮ್ಮ ಮತ್ತು ಆ ಚೀಲ. ಚೀಲದಲ್ಲಿ ಟವೆಲು, ನೀರಿನ ಬಾಟಲಿ, ಮತ್ತು ಡಾಕ್ಟರಿಗೆ ಕೊಡಲು ಸುಲಿದ ಎರಡು ತೆಂಗಿನಕಾಯಿ.

ಅರಸೀಕೆರೆಯಲ್ಲಿ ಮುಂಜಾನೆಯ ರೈಲು ಹತ್ತಿ ಯಶವಂತಪುರದಲ್ಲಿ ಇಳಿದೆವು. ಆಸ್ಪತ್ರೆಯ ಗೇಟಿನ ಮುಂದೆ ಆಗಲೇ ಸಾಲು ಬೆಳೆದಿತ್ತು. ಎಣಿಸಿದೆ: ನಮ್ಮ ಮುಂದೆ ನಲವತ್ತೆರಡು ಜನ. ನಾವು ನಲವತ್ತಮೂರು. ಹತ್ತು ಗಂಟೆಗೆ ಟೋಕನ್. ಕೆಲಸ ಆದಂತೆಯೇ ಎಂದು ನಾನು ನೆಮ್ಮದಿಯ ಉಸಿರು ಬಿಟ್ಟೆ.

ಆಗ ಅಮ್ಮ ಒಂದು ಕೆಲಸ ಮಾಡಿದಳು. ನಮ್ಮ ಕಡೆಯವರಲ್ಲದೆ ಬೇರೆಯವರು ಮಾಡಲಾರದ ಕೆಲಸ. ನಮ್ಮೂರ ಸೊಸೈಟಿಯಲ್ಲಿ ಅಕ್ಕಿ ಕೊಡುವ ದಿನ ಸಾಲಿನಲ್ಲಿ ಜನ ನಿಲ್ಲುವುದಿಲ್ಲ, ಚೀಲಗಳು ನಿಲ್ಲುತ್ತವೆ. ಬೆಳಗ್ಗೆ ಬಂದು ಚೀಲ ಇಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು ಹೇರಿ ಮನೆಗೆ ಹೋದರೆ, ಹಟ್ಟಿ ಗುಡಿಸಿ, ಮುದ್ದೆ ಉಂಡು ಬರುವ ಹೊತ್ತಿಗೂ ನಿಮ್ಮ ಜಾಗ ನಿಮ್ಮದೇ. ಸಾಲು ಸರಿದರೆ ಹಿಂದಿನವರು ಮುಂದಿನ ಚೀಲವನ್ನೂ ಎತ್ತಿ ಮುಂದಿಡುತ್ತಾರೆ. ಅಮ್ಮ ಇಲ್ಲಿಯೂ ಹಸಿರು ಶರಟಿನ ಒಬ್ಬರ ಹಿಂದೆ ಚೀಲವಿಟ್ಟಳು, ಗಿಡದ ಪಾತಿಯಿಂದ ಒಂದು ಕಲ್ಲು ಹೆಕ್ಕಿ ತಂದು ಅದರ ಮೇಲಿಟ್ಟಳು, ರಸ್ತೆ ಬದಿಯ ಮರದ ಕಟ್ಟೆಯತ್ತ ನಡೆದಳು.

"ಅಮ್ಮ, ಇದು ಜಾವಗಲ್ ಅಲ್ಲ," ಎಂದೆ.

"ಏನಂದೆ?"

"ಇಲ್ಲಿ ನಾವೇ ನಿಲ್ಲಬೇಕು."

"ಜೋರಾಗ್ ಹೇಳೇ."

ಜೋರಾಗಿ ಹೇಳಿದ್ದರೆ ಅಷ್ಟೂ ಜನ ತಿರುಗಿ ನೋಡುತ್ತಿದ್ದರು. ಒಬ್ಬಿಬ್ಬರು ಆಗಲೇ ನೋಡುತ್ತಿದ್ದರು. "ಚೀಲ ನಿಂತೈತಲ್ಲ, ನಾವ್ಯಾಕೆ ಕಾಲ್ ನೋಯಿಸ್ಕಳ್ಳೋದು," ಎಂದು ಅಮ್ಮ ಕಟ್ಟೆಯ ಮೇಲೆ ಗೇಟಿಗೆ ಬೆನ್ನು ಹಾಕಿ ಕುಳಿತು ರಸ್ತೆ ನೋಡತೊಡಗಿದಳು. ನಾನು ಸಾಲಿನ ಬಳಿಯೇ ಗೋಡೆಗೆ ಒರಗಿ ದಿನಚರಿ ತೆಗೆದೆ. ನಿಲ್ದಾಣಗಳ ಹೆಸರು, ರೈಲು ಹೊರಟ ಹೊತ್ತು, ನಲವತ್ತಮೂರು ಎಂಬ ಸಂಖ್ಯೆ, ಎಲ್ಲವನ್ನೂ ಬರೆದೆ.

ಪಕ್ಕದಲ್ಲಿ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಆಗಷ್ಟೇ ಬಂದು ತನ್ನ ಅಜ್ಜನ ಜಾಗದಲ್ಲಿ ನಿಂತಿದ್ದಳು. ನಾವಿಬ್ಬರೂ ಮಾತಿಗೆ ತೊಡಗಿದೆವು. ಅವಳ ಕನ್ನಡ ಕೇಳಿ ನನ್ನ ಕನ್ನಡವೂ ತಾನಾಗಿ ಬೆಂಗಳೂರಿನದಾಯಿತು. ಅವಳು ಚೀಲ ತೋರಿಸಿ, "ಅದ್ ಯಾರದೋ ನೋಡಿ, ಕಲ್ಲು ಬೇರೆ ಇಟ್ಟಿದಾರೆ, ಪಾಪ, ಓಡಿಹೋಗ್ಬಾರ್ದು ಅಂತ," ಎಂದು ನಕ್ಕಳು. ನಾನೂ ನಕ್ಕೆ.

ಮಿತ್ರರೇ, ಆ ದಿನವೆಲ್ಲ ಜಾರಿದ್ದು ಆ ನಗುವಿನ ಮೇಲೆ. ಒಮ್ಮೆ ನಕ್ಕ ಮೇಲೆ ಅದು ನಮ್ಮದೇ ಚೀಲ ಎನ್ನುವುದು ಹೇಗೆ? ಸ್ವಲ್ಪ ಹೊತ್ತಿಗೆ ಗೇಟಿನ ಕಾವಲಿನವರೊಬ್ಬರು ಬಂದರು. ವಾರಸುದಾರರಿಲ್ಲದ ಚೀಲ, ಒಳಗೆ ಗುಂಡಗೆ, ಗಟ್ಟಿಯಾಗಿ ಏನೋ ಎರಡು. ಅವರು ಕೋಲಿನಿಂದ ತಟ್ಟಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, "ಯಾರದ್ರೀ ಈ ಚೀಲ?" ಎಂದು ಕೂಗಿದರು. ಸಾಲಿನಲ್ಲಿ ಗುಸುಗುಸು ಎದ್ದಿತು. ಮತ್ತೆ ಕೂಗಿದರು. ಮತ್ತೊಮ್ಮೆ. ಒಟ್ಟು ಮೂರು ಸಲ. ಅಮ್ಮ ಇಪ್ಪತ್ತು ಹೆಜ್ಜೆ ದೂರದಲ್ಲಿದ್ದಳು, ಬಸ್ಸಿನ ಬಣ್ಣ ನೋಡುತ್ತಿದ್ದಳು. ಅವಳಿಗೆ ಕೇಳಿಸಲಿಲ್ಲ. ಕೇಳಿಸಬೇಕಾಗಿದ್ದ ಕಿವಿ ನಾನು. ನನ್ನ ಕಿವಿಗೆ ಸ್ಪಷ್ಟವಾಗಿ ಬಿದ್ದಿತ್ತು. ಆ ಹುಡುಗಿ ನನ್ನ ಮುಖ ನೋಡಿದಳು, ನಾನು ಪುಸ್ತಕ ನೋಡಿದೆ.

ಕಾವಲಿನವರು ಚೀಲದ ಹಿಡಿಗೆ ಕೋಲು ಸಿಕ್ಕಿಸಿ ಎಳೆದರು. ಹಿಡಿಯೊಂದು ಕಿತ್ತುಬಂತು. ಕಲ್ಲು ಉರುಳಿತು. ಒಳಗಿನ ಕಾಯಿಗಳನ್ನು ನೋಡಿ ತಾವೇ ನಕ್ಕು ಚೀಲವನ್ನು ಗೇಟಿನ ಮೂಲೆಗೆ ಇಟ್ಟರು. ಹಸಿರು ಶರಟಿನ ಹಿಂದೆ ಬಿದ್ದ ಖಾಲಿ ಜಾಗವನ್ನು ಹಿಂದಿನವರು ಒಂದು ಹೆಜ್ಜೆಯಲ್ಲಿ ತುಂಬಿದರು. ಅವರನ್ನು ಏನೆನ್ನಲಿ? ಅವರು ನಮ್ಮ ಊರಿನವರಲ್ಲ. ನಾನು ಊರಿನವಳು.

ಹತ್ತಕ್ಕೆ ಐದು ನಿಮಿಷ ಇರುವಾಗ ಅಮ್ಮ ಎದ್ದುಬಂದಳು. "ಯಜಮಾನ್ರೇ, ನಿಮ್ ಹಿಂದೆ ನಾವಲ್ವಾ?" ಎಂದು ಹಸಿರು ಶರಟಿನವರನ್ನು ಕೇಳಿದಳು. "ನಂಗೊತ್ತಿಲ್ಲ ಕಣಮ್ಮ, ಇಲ್ಲಿ ಯಾರೂ ಇರ್ಲಿಲ್ಲ," ಎಂದರು ಅವರು. ಅವರು ಹೇಳಿದ್ದು ನಿಜ. ಅಮ್ಮ ನನ್ನನ್ನು ನೋಡಿದಳು, ನಾನು ಅವಳ ಕೈ ಹಿಡಿದು ಸಾಲಿನ ಕೊನೆಗೆ ಕರೆದುಕೊಂಡು ಹೋದೆ. ನೂರನೆಯ ಟೋಕನ್ ಪಡೆದವರಿಗೂ ನಮಗೂ ನಡುವೆ ಏಳು ಜನ ಇದ್ದರು. ಮುಂದಿನ ಶಿಬಿರ ಯಾವಾಗ ಎಂದು ಕೇಳಿದೆ. ತಿಳಿಸುತ್ತೇವೆ ಎಂದರು.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಬರಿಯ ಹೇಡಿಯಾಗಿ ಉಳಿಯುತ್ತಿದ್ದೆ. ಗೇಟಿನ ಮೂಲೆಯಲ್ಲಿ ಚೀಲ ಕಂಡು ಅಮ್ಮನ ಮುಖ ಅರಳಿತು. ಕಾವಲಿನವರು ಅದನ್ನು ಜೋಪಾನ ಮಾಡಿಟ್ಟಿದ್ದಾರೆ ಎಂದೇ ಅವಳು ತಿಳಿದಳು. ಒಂದು ಕಾಯಿ ತೆಗೆದು ಅವರ ಕೈಗಿಟ್ಟು, "ಮಡಗಿದ್ರಲ್ಲ ಅಣ್ಣ, ಪುಣ್ಯ ಬರ್ಲಿ. ನಮ್ ತೋಟದ್ದೇ ಕಾಯಿ," ಎಂದಳು. ಅವರು ಮುಜುಗರದಿಂದ, "ನಾನು ಮೂರ್ ಸಲ ಕೂಗ್ದೆ ತಾಯಿ. ಯಾರೂ ಬಾಯೇ ಬಿಡ್ಲಿಲ್ಲ," ಎಂದರು.

ಅಮ್ಮ ರೂಢಿಯಂತೆ ನನ್ನತ್ತ ತಿರುಗಿದಳು. "ಏನಂತಾರೆ?"

"ಊಟ ಆಯ್ತಾ ಅಂತ ಕೇಳ್ತಾರೆ," ಎಂದೆ, ಅವಳ ಎಡಗಿವಿಯ ಹತ್ತಿರ, ಸಾಕಷ್ಟು ಜೋರಾಗಿ. ಕಾವಲಿನವರು ನನ್ನನ್ನೊಮ್ಮೆ ನೋಡಿದರು. ಕಾಯಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

"ಇನ್ನೂ ಇಲ್ಲ ಅಣ್ಣ, ಈಗ ಮಾಡ್ಬೇಕು," ಎಂದು ಅಮ್ಮ ನಗುನಗುತ್ತಾ ಉತ್ತರಿಸಿದಳು.

ಆಮೇಲಿನ ದಿನ ಬಹಳ ಚೆನ್ನಾಗಿತ್ತು. ಈ ವಾಕ್ಯವನ್ನು ಬರೆಯುವುದೇ ನನಗೆ ಎಲ್ಲಕ್ಕಿಂತ ಕಷ್ಟ. "ಇರ್ಲಿ ಬಿಡು, ಬಂದಿದೀವಲ್ಲ, ಊರ್ ನೋಡ್ಕಂಡ್ ಹೋಗಣ," ಎಂದವಳು ಅಮ್ಮನೇ. ಮೆಟ್ರೋ ನಿಲ್ದಾಣದಲ್ಲಿ ಚಲಿಸುವ ಮೆಟ್ಟಿಲ ಮುಂದೆ ಎರಡು ಸಲ ಕಾಲೆತ್ತಿ, ಎರಡು ಸಲವೂ ಹಿಂದಿಟ್ಟು, ಮೂರನೆಯ ಸಲ ಸೀರೆ ಎತ್ತಿ ಹಿಡಿದು ಹಾರಿ ನಿಂತಳು. "ಮೆಟ್ಲೇ ನಡೀತಾವೆ ಕಣೇ, ನಮ್ ಕಾಲಿಗೆ ರಜಾ," ಎಂದಳು. ಹೋಟೆಲಿನಲ್ಲಿ ತಟ್ಟೆಯ ಎರಡೂ ಕಡೆ ಚಾಚಿಕೊಂಡಿದ್ದ ದೋಸೆ ನೋಡಿ, ಅದರಲ್ಲಿ ಎಷ್ಟು ರವಿಕೆ ಕತ್ತರಿಸಬಹುದು ಎಂದು ಗೇಣು ಹಾಕಿ ಅಳೆದಳು. ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತಾಗ ಹಳೇಬೀಡಿನ ನೆನಪು ತೆಗೆದಳು. ಅವಳ ತವರು ಅದರ ಮಗ್ಗುಲಿನ ಬಸ್ತಿಹಳ್ಳಿ. ಹುಡುಗಿಯಾಗಿದ್ದಾಗ ಅಲ್ಲಿಯ ಬಸದಿಯೊಳಗೆ ನಿಂತು ತನ್ನ ಹೆಸರನ್ನು ತಾನೇ ಕೂಗುತ್ತಿದ್ದಳಂತೆ, ಕಲ್ಲು ಅದನ್ನು ಅವಳಿಗೆ ಮರಳಿ ಕೊಡುತ್ತಿತ್ತಂತೆ. "ಈಗ್ಲೂ ಕೊಡ್ತೈತೇನೋ. ಇಸ್ಕಳ್ಳಾಕೆ ನಂಗೇ ಆಗಲ್ಲ," ಎಂದಳು.

ಕೆಳಗೆ ನಗರ ಕುದಿಯುತ್ತಿತ್ತು. ಬಸ್ಸು, ಆಟೋ, ಎಲ್ಲೋ ಕಟ್ಟಡ ಒಡೆಯುವ ಯಂತ್ರ. ನನ್ನ ತಲೆ ಸಿಡಿಯುತ್ತಿತ್ತು. ಅಮ್ಮ ಬಂಡೆಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ, "ಎಲ್ರೂ ಬೆಂಗ್ಳೂರು ಅಂದ್ರೆ ಗಲಾಟೆ ಅಂತಾರೆ. ಎಷ್ಟ್ ನಿಶ್ಶಬ್ದವಾಗೈತೆ ನೋಡು," ಎಂದಳು.

ಹಳೇಬೀಡಿನ ಗುಡಿಯ ಗೋಡೆಯಲ್ಲಿ ಎಷ್ಟೋ ವಿಗ್ರಹಗಳಿಗೆ ಕೈಯಿಲ್ಲ, ಮೂಗಿಲ್ಲ. ಕಿವಿಗಳು ಮಾತ್ರ ಓಲೆಯ ಸಮೇತ ಹಾಗೆಯೇ ಉಳಿದಿವೆ. ಚಿಕ್ಕವಳಿದ್ದಾಗ ಅಲ್ಲಿ ಆನೆಗಳನ್ನು ಎಣಿಸುತ್ತಾ ಹೋಗಿ ಮೂಲೆ ತಿರುಗುವಾಗ ಲೆಕ್ಕ ತಪ್ಪಿ ಅತ್ತಿದ್ದೆ. ಎಣಿಸುವವರಿಗೆ ಒಂದು ನಂಬಿಕೆ ಇರುತ್ತದೆ: ಎಲ್ಲವನ್ನೂ ಬರೆದಿಟ್ಟವನು ಸುಳ್ಳು ಹೇಳಲಾರ ಎಂದು. ಈಗ ನನಗೆ ಗೊತ್ತು, ಸುಳ್ಳು ಅಡಗಿಕೊಳ್ಳಲು ಅಚ್ಚುಕಟ್ಟಾದ ಲೆಕ್ಕಕ್ಕಿಂತ ಒಳ್ಳೆಯ ಜಾಗವಿಲ್ಲ. ಆ ಶನಿವಾರದ ಪುಟ ಇಲ್ಲೇ ಇದೆ. ದಿನಾಂಕ, ಕೆಳಗೆ ಗೆರೆ. ಸಾಲಿನಲ್ಲಿ ಮೊದಲು: ನಲವತ್ತಮೂರು. ಆಮೇಲೆ: ನೂರ ಎಂಟು. ಮೆಟ್ರೋ: ಎರಡು ಸಲ. ಅಮ್ಮ ನಕ್ಕದ್ದು: ಐದು ಸಲ. ನಲವತ್ತಮೂರು ನೂರ ಎಂಟಾದದ್ದು ಹೇಗೆ ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇಲ್ಲ.

ಮುಂದಿನ ತಿಂಗಳು ಸೊಸೈಟಿಯ ಮುಂದೆ ಅದೇ ಚೀಲ ನಿಂತಿತ್ತು, ಮೇಲೊಂದು ಕಲ್ಲು. ಅಮ್ಮ ಮನೆಯಲ್ಲಿದ್ದಳು, ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ. ತೂಕ ಹಾಕುವ ಹೊಸಬರು, "ಇದ್ ಯಾರ್ದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮೂರು ಕಡೆಯಿಂದ ಉತ್ತರ ಬಂತು. "ಟೈಲರ್ ಸರೋಜಮ್ಮಂದು ಕಣ್ರೀ." "ಬಣ್ಣ ನೋಡಿದ್ರೆ ಗೊತ್ತಾಗಲ್ವಾ, ಆ ಹಳದೀದು ನನ್ ರವಿಕೆ." "ಏ, ಮುಂದಕ್ ಇಡ್ಲಾ ಅದನ್ನ." ಯಾರೋ ಕಲ್ಲು ತೆಗೆದು, ಚೀಲ ಎತ್ತಿ ಮುಂದಿಟ್ಟು, ಕಲ್ಲನ್ನು ಮತ್ತೆ ಅದರ ಮೇಲಿಟ್ಟರು. ನಾನು ನಿಂತಲ್ಲೇ ನಿಂತಿದ್ದೆ.

ಅಂದು ಮಧ್ಯಾಹ್ನ ಅಮ್ಮ ಚೀಲಕ್ಕೆ ಹಿಡಿ ಹೊಲಿಯಲು ಕುಳಿತಳು. ಕಿತ್ತ ಹಿಡಿಗೆ ಅಲ್ಲಿಯವರೆಗೆ ಗಂಟು ಹಾಕಿಕೊಂಡಿದ್ದಳು. ಬಾಬಿನ್ನಿನ ದಾರ ಬೆರಳಲ್ಲಿ ಮುಟ್ಟಿ ನೋಡಿ ತುಳಿಯತೊಡಗಿದಳು. ನಾನು ಅವಳ ಬೆನ್ನ ಹಿಂದೆ ನಿಂತೆ. ಎಲ್ಲವನ್ನೂ ಹೇಳಿದೆ: ಆ ಹುಡುಗಿ, ನನ್ನ ನಗು, ಮೂರು ಕೂಗು, ಊಟದ ಸುಳ್ಳು. ಒಂದೂ ಬಿಡದೆ, ನಡೆದ ಕ್ರಮದಲ್ಲೇ ಹೇಳಿದೆ. ಹೇಳಿದ್ದು ಬಲಗಿವಿಯ ಕಡೆ ನಿಂತು, ಯಂತ್ರ ಓಡುತ್ತಿದ್ದಾಗ. ಅಲ್ಲೇ ನಿಲ್ಲಬೇಕೆಂದು ನಾನು ಲೆಕ್ಕ ಹಾಕಿಯೇ ನಿಂತಿದ್ದೆ.

ನನ್ನ ನೆರಳು ಬಟ್ಟೆಯ ಮೇಲೆ ಬಿದ್ದಿರಬೇಕು. ಅಮ್ಮ ಕಾಲು ನಿಲ್ಲಿಸಿ ತಿರುಗಿದಳು.

"ಏನಾದ್ರೂ ಅಂದ್ಯಾ?"

"ಇಲ್ಲ."

"ಬಾಯಿ ಅಲ್ಲಾಡ್ತಿತ್ತು. ಎದುರಿಗ್ ಬಂದ್ ಹೇಳೇ, ಜೋರಾಗಿ."

"ಹಿಡಿ ಸ್ವಲ್ಪ ಉದ್ದ ಇರ್ಲಿ ಅಂದೆ," ಎಂದೆ, ಜೋರಾಗಿ.

ಅವಳು ತಲೆಯಾಡಿಸಿ ಇನ್ನೊಂದು ಗೇಣು ಪಟ್ಟಿ ಕತ್ತರಿಸಿದಳು. ಚೀಲ ಈಗ ಮತ್ತೆ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಚೂರುಗಳು ಇಪ್ಪತ್ತೇಳಾಗಿವೆ. ಒಂದು ಹಿಡಿ ಇನ್ನೊಂದಕ್ಕಿಂತ ಗೇಣುದ್ದ ಹೆಚ್ಚಾಗಿರುವುದರಿಂದ ಅದು ಒಂದು ಕಡೆಗೆ ವಾಲಿಕೊಂಡೇ ತೂಗುತ್ತದೆ. ಯಾಕೆ ಹಾಗೆ ಹೊಲಿದೆ ಎಂದು ಕೇಳಿದವರಿಗೆ ಅಮ್ಮ ಹೇಳುತ್ತಾಳೆ, ಮಗಳು ಹೇಳಿದ್ದಳು ಎಂದು.