ಅವ್ವ ಲೇತ್ ಕಲಿತದ್ದು

ಕಾದ ಕಬ್ಬಿಣದ ಮೇಲೆ ಅದನ್ನು ತಣಿಸುವ ಹಾಲಿನಂಥ ಕೂಲೆಂಟ್ ನೀರು ಬಿದ್ದಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಎಣ್ಣೆ, ತುಕ್ಕು, ಸೀದ ಹಾಲು ಎಲ್ಲ ಕಲೆಸಿದ ಹಾಗೆ. ಮೊನ್ನೆ ಹಾಸನದಲ್ಲಿ ಸ್ಕೂಟರ್ ರಿಪೇರಿಗೆಂದು ನಿಂತಿದ್ದಾಗ ಪಕ್ಕದ ವರ್ಕ್‌ಶಾಪಿನಿಂದ ಅದು ತೇಲಿ ಬಂತು. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ಮೊದಲು ಆಗುವುದು ಹೆದರಿಕೆ. ಆಮೇಲೆ ನಿಧಾನವಾಗಿ ಚನ್ನರಾಯಪಟ್ಟಣದ ನಮ್ಮ ಮನೆ, ಅದರ ಮುಂದಿನ ಕೋಣೆ, ಅಲ್ಲಿದ್ದವರು ಒಬ್ಬೊಬ್ಬರೇ ಎದ್ದು ಬರುತ್ತಾರೆ. ಈಗಿಲ್ಲದ ಮನೆಯೊಂದರಲ್ಲಿ ಬೆಳೆದ ಯಾರಿಗಾದರೂ ಇದು ಗೊತ್ತಿರುತ್ತದೆ.

ಅಪ್ಪ ಹಾಸನದ ವರ್ಕ್‌ಶಾಪೊಂದರಲ್ಲಿ ಟರ್ನರ್ ಆಗಿದ್ದ. ಕಬ್ಬಿಣವನ್ನು ತಿರುಗಿಸಿ ಕಡೆಯುವ ತನ್ನದೇ ಒಂದು ಲೇತ್ ಮನೆಯಲ್ಲೇ ಇರಬೇಕು, ಸುತ್ತಲ ಹಳ್ಳಿಯವರ ಪಂಪುಗಳ ಶಾಫ್ಟು, ಬುಷ್ಷು ಮಾಡಿಕೊಂಡು ಇದ್ದುಬಿಡಬೇಕು ಅನ್ನುವುದು ಅವನ ಬಹುಕಾಲದ ಆಸೆ. ಅದು ಕೊನೆಗೂ ಬಂತು. ಹೊಸ ಬಣ್ಣದ ಹಸಿರು ಮೈ, ಇನ್ನೂ ಗ್ರೀಸು ಬಳಿದಿದ್ದ ಉದ್ದನೆಯ ಕಬ್ಬಿಣದ ಬೆಡ್ಡು. ಲಾರಿಯಿಂದಿಳಿಸಿ, ಪೈಪುಗಳ ಮೇಲೆ ಉರುಳಿಸಿ, ಹಾರೆ ಕೊಟ್ಟು ಮೀಟಿ ಮುಂದಿನ ಕೋಣೆಯ ಸಿಮೆಂಟ್ ಕಟ್ಟೆಯ ಮೇಲೆ ಕೂರಿಸಿದರು. ಮಷೀನು ಒಂದು ಕೂದಲೆಳೆಯಷ್ಟೂ ವಾಲಬಾರದು ಎಂದು ಅಪ್ಪ ಅದರ ಮೇಲೆ, ಗಾಜಿನೊಳಗೆ ಗುಳ್ಳೆ ಓಡಾಡುವ ರಸಮಟ್ಟ ಇಟ್ಟ. ಬಗ್ಗಿ ನೋಡಿದ. ಮತ್ತೆ ಇನ್ನೊಂದು ಕಡೆಯಿಂದ ಬಗ್ಗಿ ನೋಡಿದ. ಆಮೇಲೆ ನನ್ನನ್ನು ಕರೆದು, "ಗುಳ್ಳೆ ನಡುವ್ಕೆ ನಿಂತೈತಾ ನೋಡವ್ವ" ಎಂದ. ನನಗೆ ಕೆಲಸ ಕೊಟ್ಟನೆಂದು ಹಿಗ್ಗಿ ತಿರುಗಿದರೆ ಬಾಗಿಲಲ್ಲಿ ನಿಂತಿದ್ದ ಅವ್ವನ ಮುಖ ಬಿಳಿಚಿಕೊಂಡಿತ್ತು. ಅಪ್ಪನಿಗೆ ಗುಳ್ಳೆ ಕಾಣುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಅವನ ಕಣ್ಣನ್ನು ಯಾವಾಗಿನಿಂದ ತಿನ್ನುತ್ತಿತ್ತೋ, ಅವನು ಯಾರಿಗೂ ಹೇಳಿರಲಿಲ್ಲ.

ಹೊಸ ಮಷೀನಿನ ಮೇಲೆ ಬೆಡ್‌ಶೀಟ್ ಹೊದಿಸಿ ಮನೆಯವರೆಲ್ಲ ಅದನ್ನು ಮುಟ್ಟದೆ ಸುತ್ತ ಓಡಾಡಿದೆವು. ಒಂದು ಬೆಳಿಗ್ಗೆ ಅವ್ವ ಆ ಬೆಡ್‌ಶೀಟು ಎಳೆದು ಮಡಚಿಟ್ಟು, "ಏಳ್ಕೊಡ್ರೀ, ನಾನ್ ಮಾಡ್ತೀನಿ" ಎಂದಳು. ಅಪ್ಪ ಬೇಡ ಅನ್ನಲಿಲ್ಲ. ತಿರುಗುವ ಲೇತಿಗೆ ಬಟ್ಟೆ, ಕೂದಲು, ಬಳೆ ಯಾವುದು ಸಿಕ್ಕಿದರೂ ಅದು ಮನುಷ್ಯರನ್ನೇ ಒಳಕ್ಕೆ ಎಳೆಯುತ್ತದೆ ಎಂದ. ಅವ್ವ ಸೀರೆಯ ಮೇಲೆ ಅಪ್ಪನ ಹಳೆಯ ಅಂಗಿ ತೊಟ್ಟು ಸೆರಗನ್ನು ಒಳಗೆ ಸಿಕ್ಕಿಸಿ, ಜಡೆಯನ್ನು ಗಂಟು ಹಾಕಿದಳು. ಬಳೆ ತೆಗೆಯುವಾಗ ಮಾತ್ರ ಅಜ್ಜಿ ಅಡುಗೆಮನೆಯಿಂದ ಓಡಿ ಬಂದು, "ಗಂಡ ಕಣ್ಮುಂದೆ ಕುಂತವ್ನೆ, ಬರಿಗೈ ಮಾಡ್ಕಂಡಿಯಲ್ಲೇ!" ಎಂದು ಅತ್ತೇಬಿಟ್ಟಳು. ಅವ್ವ ಬಳೆಗಳನ್ನು ಅಜ್ಜಿಯ ಕೈಗೇ ಕೊಟ್ಟು, "ಸಂಜೆ ನೀವೇ ತೊಡ್ಸಿ ಅತ್ತೆ" ಎಂದಳು. ದಿನವೂ ಸಂಜೆ ಅಜ್ಜಿ ಬೈದುಕೊಳ್ಳುತ್ತಲೇ ಆ ಎಣ್ಣೆಗೈಗೆ ಬಳೆ ತೊಡಿಸುತ್ತಿದ್ದಳು.

ಅಪ್ಪ ಕುರ್ಚಿಯಲ್ಲಿ ಕೂತು ಕಿವಿಯಿಂದಲೇ ಕಲಿಸಿದ. ಕಬ್ಬಿಣ ಹೆರೆಯುವ ಟೂಲು ಜಾಸ್ತಿ ಒಳಹೊಕ್ಕರೆ ಸದ್ದೇ ಬದಲಾಗುತ್ತಿತ್ತು. "ಕಿರುಚ್ತೈತೆ ಕಣೇ, ಟೂಲು ಹಿಂದಕ್ ತಗೋ." "ಈಗ ಸರ್‍ಯಾಗೈತೆ, ಅಂಗೇ ಓಗ್ಲಿ." ಕಬ್ಬಿಣ ನೀಲಿ ಸುರುಳಿಯಾಗಿ ಬಿಚ್ಚಿಕೊಂಡು ಬೀಳುವುದು ನೋಡಲು ಬಲು ಚೆಂದವಿತ್ತು. ಆದರೆ ನಾನು ಅದನ್ನು ನೋಡುತ್ತಿರಲಿಲ್ಲ. ಹೊಸ್ತಿಲ ಮೇಲೆ ಕೂತು ಅವ್ವನ ಸೆರಗಿನ ತುದಿ ಅಂಗಿಯಿಂದ ಜಾರಿತೇ ಎಂದು ಅದನ್ನೇ ಕಾಯುತ್ತಿದ್ದೆ. ಸ್ಕೂಲಿನಲ್ಲಿ ಪಾಠದ ನಡುವೆಯೂ ಅದೇ ಚಿಂತೆ. ಬೀದಿಯ ತಿರುವಿನಲ್ಲಿ ಮಷೀನಿನ ಸದ್ದು ಕಿವಿಗೆ ಬಿದ್ದರಷ್ಟೇ ಉಸಿರು.

ನಾನು ಹೆದರಿದ್ದು ಸೆರಗಿಗೆ, ಆದದ್ದು ಬೇರೆಯೇ. ಕಟ್ಟಾಯದ ರೈತರೊಬ್ಬರ ಪಂಪಿನ ಶಾಫ್ಟು ಲೇತಿನ ಮೇಲಿತ್ತು. ಅದನ್ನು ಕಚ್ಚಿ ಹಿಡಿಯುವ ಚಕ್ಕನ್ನು ಅವ್ವ ಕೀಲಿ ಹಾಕಿ ಬಿಗಿಮಾಡುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿತೆಂದು ಅಜ್ಜಿ ಕೂಗಿದಳು. ಕರೆಂಟು ಹೋಗಿತ್ತು, ಸ್ವಿಚ್ಚು ಹಾಕಿದ್ದು ಹಾಕಿದಂತೇ ಇತ್ತು. ಅವ್ವ ಒಳಗೆ ಓಡಿದಳು. ಕರೆಂಟು ಬಂತು. ಚಕ್ಕು ತಿರುಗಿದ್ದೇ ತಡ, ಅದರಲ್ಲೇ ಉಳಿದಿದ್ದ ಕಬ್ಬಿಣದ ಕೀಲಿ ಸಿಡಿದು ಅಪ್ಪನ ಕಿವಿಯ ಪಕ್ಕದ ಗೋಡೆಗೆ ಬಡಿದು ಗಾರೆ ಉದುರಿಸಿತು. ಅಪ್ಪ ಕದಲದೆ, "ಏನೂ ಆಗಿಲ್ಲ ಕಣೇ" ಎಂದ. ಅವ್ವ ಓಡಿ ಬಂದು ಅವನ ಮುಖ, ಕಿವಿ, ಕತ್ತು ಎಲ್ಲ ಸವರಿ ನೋಡಿದಳು. ಆಮೇಲೆ ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು.

ಕಟ್ಟಾಯದ ಆ ರೈತರು ಬಂದು, "ಬೆಳೆ ಒಣಗ್ತೈತೆ, ಏನಾರ ಮಾಡ್ರಣ್ಣ" ಎಂದು ಹೋದರು. ಮಾರನೆಯ ದಿನ ಅವ್ವ ಒಲೆಯ ಮುಂದೆ ದೊಣ್ಣೆ ಹಿಡಿದು ರಾಗಿ ಹಿಟ್ಟು ತೊಳಸುತ್ತಿದ್ದಾಗ ಮುಂದಿನ ಕೋಣೆಯಿಂದ ಲೇತಿನ ಸದ್ದು ಬಂತು. ಅಪ್ಪ ತಾನೇ ಶುರುಮಾಡಿದ್ದ. ಅವ್ವ ಕೈ ನಿಲ್ಲಿಸಿ ಕಿವಿಗೊಟ್ಟಳು. "ಕಿರುಚ್ತೈತೆ," ಎಂದಳು ತನಗೆ ತಾನೇ. ದೊಣ್ಣೆ ಬಿಸಾಡಿ ಓಡಿಹೋಗಿ ಸ್ವಿಚ್ಚು ಆರಿಸಿ, ಅಪ್ಪನ ಭುಜ ಹಿಡಿದು, "ಬನ್ನಿ ಈಚೆ. ಟೂಲು ಜಾಸ್ತಿ ಒಳಕ್ಕೋಗೈತೆ. ಕೇಳಿಸ್ಲಿಲ್ವಾ?" ಎಂದಳು.

ಅಪ್ಪ ತಡವುತ್ತ ಕುರ್ಚಿಗೆ ಹೋಗಿ ಕೂತ. ಅವನ ಮುಖದಲ್ಲಿ ನಗು ಇತ್ತು. "ಕೇಳಿಸ್ತು," ಎಂದ. "ನಿಂಗ್ ಕೇಳಿಸ್ತದಾ ಅಂತ ನೋಡ್ದೆ."

ಅದು ನಿಜವೋ, ಮರ್ಯಾದೆ ಉಳಿಸಿಕೊಳ್ಳಲು ಆಡಿದ ಮಾತೋ, ಅವ್ವ ಕೇಳಲಿಲ್ಲ. ಅಂದೇ ಶಾಫ್ಟು ಮುಗಿಸಿದಳು. ಅಪ್ಪ ಹೋಗುವವರೆಗೂ, ಹೋದ ಮೇಲೂ ಆ ಮಷೀನು ನಮ್ಮನ್ನು ಸಾಕಿತು. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ಯಾರಾದರೂ ಲೇತಮ್ಮನ ಮನೆ ತೋರಿಸುತ್ತಿದ್ದರು. ಕೊನೆಗೆ ಅವ್ವನ ಮಂಡಿ ಸೋತು ಲೇತ್ ಮಾರಾಟವಾಗಿ ಹೊಳೆನರಸೀಪುರಕ್ಕೆ ಹೋಯಿತು, ರಸ್ತೆ ಅಗಲವಾದಾಗ ಮನೆ ಹೋಯಿತು, ಆಮೇಲೆ ಅವ್ವ.

ಈಚೆಗೆ ಚನ್ನರಾಯಪಟ್ಟಣದಲ್ಲಿಳಿದು ಆಟೋದವನಿಗೆ ಹಳೆಯ ಅಭ್ಯಾಸದಂತೆ, "ಲೇತಮ್ಮನ ಮನೆ ಹತ್ರ ಬಿಡಪ್ಪ" ಎಂದೆ. "ಯಾವ್ ಲೇತಮ್ಮ ಅಕ್ಕಾ?" ಎಂದ. ನಾನೇ ತೋರಿಸುತ್ತೇನೆಂದು ಹತ್ತಿ ಕೂತು, ದಾರಿಯುದ್ದಕ್ಕೂ ಅವ್ವನ ವಿಷಯ ಹೇಳುತ್ತ ಹೋದೆ. ಅವನು ಹೂಂಗುಟ್ಟುತ್ತಿದ್ದ. ನಿಲ್ಲಿಸು ಅನ್ನಲು ತಲೆಯೆತ್ತಿ ನೋಡಿದರೆ ಮನೆಯಿದ್ದ ಜಾಗ ಯಾವಾಗಲೋ ದಾಟಿಹೋಗಿತ್ತು.