ಮಲ್ಲಯ್ಯ ಆಸನ ಬಿಟ್ಟುಕೊಟ್ಟ ಸೋಮವಾರ

ಮಲ್ಲಯ್ಯನನ್ನು ನಂಬಿದ ಬಂಧುಗಳೆಲ್ಲರಿಗೂ ಶರಣು. ನಾನು ಸಾಂಗ್ಲಿ ಪೇಟೆಯ ಅರಿಶಿಣ ವ್ಯಾಪಾರಿ, ಮನೆ ವಿಶ್ರಾಮಬಾಗದಲ್ಲಿ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅಂಥವನ ಮೊರೆಯನ್ನೂ ದೇವರು ಕೇಳಿದನಲ್ಲ ಎಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಕಳೆದ ಶ್ರಾವಣಕ್ಕೆ ಮೊದಲು ಅವ್ವನಿಗೆ ಲಕ್ವಾ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋದವು. ಹದಿನೆಂಟು ದಿನ ಮಿರಜದ ಆಸ್ಪತ್ರೆಯಲ್ಲಿದ್ದಳು. "ಮನೆಗೆ ಕರೆದೊಯ್ಯಿರಿ, ಆಸೆಯೇನಿದ್ದರೂ ನಡೆಸಿಕೊಡಿ" ಎಂದರು ಡಾಕ್ಟರು. ಅವ್ವನ ಆಸೆ ಒಂದೇ. "ನಿಮ್ಮಪ್ಪನ ಗಾಡ್ಯಾಗ ಸಲಗರಿ ಮಲ್ಲಯ್ಯನ ಕಡೆ ಕರ್ಕೊಂಡ ಹೋಗೋ" ಎಂದು ತೊದಲಿದಳು. ಸಲಗರೆ ಅವಳ ತವರು. ಅಲ್ಲಿಂದ ಮದುಮಗಳಾಗಿ ಬಂದದ್ದು ಅದೇ ಕಾರಿನಲ್ಲಿ.

ಕಾರಿಗೆ ಈಗ ಅರವತ್ತರ ಮೇಲೆ. ಇಂಜಿನ್ ಗಟ್ಟಿ, ಆದರೆ ಬ್ರೇಕ್ ಒತ್ತಿದರೆ ನಡುಗುತ್ತ ಎಡಕ್ಕೆ ಎಳೆಯುತ್ತಿತ್ತು. ಮಿರಜದ ಮಿಸ್ತ್ರಿ ದಸ್ತಗೀರ ಕಾಕಾ ಮುಂದಿನ ಗಾಲಿಗಳನ್ನು ಬಿಚ್ಚಿ, ಬಟ್ಟಲಿನಂಥ ಕಬ್ಬಿಣದ ಬ್ರೇಕ್ ಡ್ರಮ್ಮಿನ ಒಳಗೆ ಉಗುರಾಡಿಸಿ, "ನೋಡ್ರಿ, ನೇಗಿಲಸಾಲ ಬಿದ್ದಾವ" ಎಂದರು. ಕೆತ್ತಿಸಿ ನುಣುಪು ಮಾಡಿಸಲು ಎರಡೂ ಡ್ರಮ್ಮುಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಸಾಂಗ್ಲಿಯ ಲೇತಿನವನ ಬಳಿ ಹೋದೆ. "ಇನ್ನ ಕೆತ್ತಿದರ ಒಡೀತಾವ್ರಿ. ಹೊಸಾವು ಹಾಕ್ರಿ" ಎಂದ. ಹೊಸವು ಎಲ್ಲಿಂದ ಬರಬೇಕು? ಆ ಕಾರು ತಯಾರಾಗುವುದು ನಿಂತು ಎಷ್ಟೋ ಕಾಲವಾಗಿದೆ. ಕೊಲ್ಹಾಪುರ, ಪುಣೆ ಎಲ್ಲ ಕಡೆ ಕೇಳಿದ್ದಾಯಿತು.

ಬೇರೆ ಕಾರಿನಲ್ಲಿ ಹೋಗೋಣವೆಂದರೆ ಅವ್ವ ಮುಖ ತಿರುಗಿಸಿದಳು. ದಿನದಿನಕ್ಕೂ ಅವಳ ಊಟ ಇಳಿಯಿತು. ಒಂದು ಬೆಳಿಗ್ಗೆ ದೇವರಮನೆಯಲ್ಲಿ ಗದರಿಯೇ ಬಿಟ್ಟೆ: "ಮಲ್ಲಯ್ಯಾ, ಕುಂತಲ್ಲೇ ಕುಂತೀಯಲ್ಲ! ಅವ್ವಗ ಒಂದ ದಾರಿ ತೋರ್ಸು!" ಆಮೇಲೆ ಅಲ್ಲೇ ಕುಳಿತು ಅತ್ತೆ.

ಮರು ಸೋಮವಾರ ದಸ್ತಗೀರ ಕಾಕಾ ಅವ್ವನನ್ನು ನೋಡಲು ಬಂದರು. ದೇವರಮನೆಯ ಹೊಸ್ತಿಲಾಚೆ ಪ್ರಸಾದಕ್ಕೆ ನಿಂತವರು ಬಗ್ಗಿ ಒಳಗೆ ನೋಡಿದರು.

"ಸಾವಕಾರ್ರ, ದೇವರ ಕೆಳಗ ಏನೈತ್ರಿ?"

"ಪೀಠ."

"ಪೀಠಕ್ಕ ಬೋಲ್ಟಿನ ತೂತು ಯಾಕ್ರಿ?"

ಮೂರ್ತಿಯ ಕೆಳಗಿನ ಕೆಂಪು ವಸ್ತ್ರ ಒಂದು ಕಡೆ ಸರಿದು ಕಬ್ಬಿಣದ ಅಂಚು ಕಾಣುತ್ತಿತ್ತು. ಎತ್ತಿ ನೋಡಿ ಎಂದರು ಕಾಕಾ. ನನಗೆ ದೇವರನ್ನು ಎಬ್ಬಿಸಲು ಕೈ ಬರಲಿಲ್ಲ. ಹಾಸಿಗೆಯಿಂದ ಅವ್ವ ಕೂಗಿದಳು: "ತಾನ ಎದ್ದ ಕೊಡಾಕತ್ತಾನ, ತಗೋಳೋ ಖೋಡಿ!"

ಎತ್ತಿದರೆ ಒಂದರ ಮೇಲೊಂದು ಎರಡು ಡ್ರಮ್, ಹೊಚ್ಚ ಹೊಸವು! ಖಂಡೇನವಮಿಗೆ ಕಬ್ಬಿಣದ ಸಾಮಾನನ್ನೆಲ್ಲ ಪೂಜೆಗಿಡುವುದು ನಮ್ಮ ಪದ್ಧತಿ. ತಾವು ತೀರಿಕೊಳ್ಳುವ ಮುಂಚಿನ ಹಬ್ಬಕ್ಕೆ ಅಪ್ಪ, ಮುಂದಕ್ಕೆ ಕಾರಿಗೆ ಬೇಕೆಂದು ಕೂಡಿಟ್ಟಿದ್ದ ಇವುಗಳನ್ನೂ ಇಟ್ಟು, ಮೇಲೆ ಮಲ್ಲಯ್ಯನನ್ನು ಕೂರಿಸಿದ್ದರು. ಅದೇನೆಂದು ಅವ್ವ ಕೇಳಿರಲಿಲ್ಲ. ಗಂಡ ಇಟ್ಟದ್ದನ್ನು ಯಾರಿಗೂ ಕದಲಿಸಗೊಡದೆ ವರ್ಷವರ್ಷವೂ ವಸ್ತ್ರದ ಮೇಲಿಂದಲೇ ಎಣ್ಣೆ ಬಿಟ್ಟಿದ್ದಳು. ಆ ಎಣ್ಣೆಗೆ ತುಕ್ಕು ಹತ್ತಿರ ಸುಳಿದಿರಲಿಲ್ಲ. ನಾವು ಪೀಠವೆಂದೇ ಹನ್ನೆರಡು ವರ್ಷ ಕೈಮುಗಿದಿದ್ದೆವು.

ಕಾಕಾ ಎಣ್ಣೆಯನ್ನೆಲ್ಲ ಪೆಟ್ರೋಲಿನಲ್ಲಿ ತೊಳೆದರು. "ಇಷ್ಟ ಭಕ್ತಿ ಬ್ರೇಕಿಗೆ ಆಗೂದಿಲ್ರಿ" ಎಂದು ನಗುತ್ತಲೇ ಕಾರಿಗೆ ಕೂರಿಸಿದರು.

ಮುಂದಿನ ಸೋಮವಾರ ಹೊರಟೆವು. ಸಲಗರೆಯ ಹತ್ತಿರ ಇಳಿಜಾರಿನಲ್ಲಿ ಕುರಿಹಿಂಡು ಅಡ್ಡ ಬಂತು. ಬ್ರೇಕ್ ಒತ್ತಿದೆ, ಕಾರು ನೆಟ್ಟಗೆ ನಿಂತಿತು. ಹಿಂದೆ ಅವ್ವ ಅಲುಗಲೂ ಇಲ್ಲ. ಗುಡಿಯ ಮುಂದೆ ಇದ್ದೊಂದು ಕೈಯನ್ನೇ ಹಣೆಗೊತ್ತಿಕೊಂಡಳು. ಗದರಿದ ಬಾಯಿಂದಲೇ ನಾನು ಮಲ್ಲಯ್ಯನಿಗೆ ಸಾವಿರ ಶರಣು ಹೇಳಿದೆ, ಇಂದಿಗೂ ಹೇಳುತ್ತಿದ್ದೇನೆ.

ಮನೆಗೆ ಬಂದ ಮೇಲೆ, ದೇವರಿಗೆ ಬೆಳ್ಳಿಯ ಪೀಠ ಮಾಡಿಸುತ್ತೇನೆ ಎಂದೆ. ಅವ್ವ ಬೇಡವೆಂದು ತಲೆಯಾಡಿಸಿದಳು.

"ಆ ಸವದ ಹಳೇ ಡ್ರಮ್ಮನ್ನ ಇಡು. ಅಂವ ಎಲ್ಲಿಗೂ ಓಡಿ ಹೋಗಾಂವಲ್ಲ."