ನಾಲ್ಕು ಬಣ್ಣದ ಕೊಲೆಗಾರ

ಮೊನ್ನೆ ಆಫೀಸಿನ ಸಿಂಕಿನಲ್ಲಿ ಯಾರೋ ತೊಳೆಯದೆ ಬಿಟ್ಟ ಕಾಫಿ ಮಗ್ ಇತ್ತು. ಅದರ ಮೇಲೆ ಒಂದೇ ಮುಖ ನಾಲ್ಕು ಸಲ: ಗುಲಾಬಿ, ಹಳದಿ, ನೀಲಿ, ಹಸಿರು. ಪೊಲೀಸರು ತೆಗೆದ ಕೊಲೆಗಾರನ ಫೋಟೊವನ್ನೇ ಪಾಪ್ ಆರ್ಟ್ ಮಾಡಿ ಮಾರುತ್ತಿದ್ದಾರೆ. ಅದೇ ನಗು. ಮೈಯೆಲ್ಲ ಉರಿಯಿತು. ಯಾರದೋ ಏನೋ, ಮಗ್ಗನ್ನು ಎತ್ತಿ ಕಸದ ಡಬ್ಬಿಗೆ ಹಾಕಿ ಬಂದೆ.

ಆ ಮುಖ ಕಂಡರೆ ನನಗೆ ನೆನಪಾಗುವುದು ಅಮೆರಿಕದ ನಮ್ಮೂರು ಡುಲುತ್‌ನ ಅಂಗಡಿ ಆಂಟಿ. ಮೈಸೂರಿನವರು. ಗಂಡ ಹೆಂಡತಿ ಇಬ್ಬರೇ ದಿನಸಿ ಅಂಗಡಿ ನಡೆಸುತ್ತಿದ್ದರು. ಒಳಗೆ ಕಾಲಿಟ್ಟರೆ ಹುರಿದ ಕೊತ್ತಂಬರಿ ಬೀಜದ ವಾಸನೆ... ಆಂಟಿ ಸಾರಿನ ಪುಡಿಯನ್ನು ಅಲ್ಲೇ ಹಿಂದುಗಡೆ ಮಾಡುತ್ತಿದ್ದರು. ಅಂಕಲ್ ಬಿಲ್ ಹಾಕುತ್ತ, ಕೇಳದಿದ್ದರೂ ಚೀಲಕ್ಕೆ ನಾಲ್ಕು ಎಸಳು ಕರಿಬೇವು ತುರುಕುತ್ತಿದ್ದರು.

ಕೋವಿಡ್ ಇಳಿಯುತ್ತಿದ್ದ ದಿನಗಳಲ್ಲಿ, ಒಂದು ಮಧ್ಯಾಹ್ನ, ಒಬ್ಬ ಗನ್ ಹಿಡಿದು ಅಂಗಡಿಗೆ ನುಗ್ಗಿದ. ಅಂಕಲ್ ಎರಡೂ ಕೈ ಎತ್ತಿಯೇ ನಿಂತಿದ್ದರಂತೆ. ಆದರೂ ಗುಂಡು ಹೊಡೆದ. ವಾರದೊಳಗೆ ಸಿಕ್ಕಿಬಿದ್ದ. ದರಿದ್ರದವನು ನೋಡಲು ಚೆನ್ನಾಗಿದ್ದ, ಅಷ್ಟೇ ಸಾಕಾಯಿತು. ಫೋಟೊ ಎಲ್ಲರ ಫೋನಿಗೂ ಬಂತು, ಜೈಲಿಗೆ ಪ್ರೇಮಪತ್ರಗಳು ಹೋದವು, ಟೀ ಶರ್ಟುಗಳು ಬಂದವು. ಅವನ ಹೆಸರು ನಮ್ಮ ಮಕ್ಕಳಿಗೂ ಬಾಯಿಪಾಠವಾಯಿತು.

ಎರಡು ವರ್ಷದ ಮೇಲೆ ನಮ್ಮ ಕನ್ನಡ ಕೂಟದ ಯುಗಾದಿ. ನಾನು ಕಾರ್ಯದರ್ಶಿ, ಚಿತ್ರಕಲಾ ಸ್ಪರ್ಧೆಯ ತೀರ್ಪುಗಾರನೂ ನಾನೇ. ಕಾಲೇಜು ಹುಡುಗಿಯೊಬ್ಬಳು ಅದೇ ಮುಖವನ್ನು ನಾಲ್ಕು ಬಣ್ಣದಲ್ಲಿ ಬರೆದು ತಂದಿದ್ದಳು. ಅದು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಫೋನಿನಲ್ಲಿ ದಿನಾ ಕಾಣುವ ಮುಖ. ಅಂಕಲ್‌ರನ್ನು ಕೊಂದವನು ಅನ್ನುವುದು ಮಾತ್ರ ತಲೆಗೇ ಬರಲಿಲ್ಲ. ಬಣ್ಣಗಾರಿಕೆ ಸೊಗಸಾಗಿದೆ ಎಂದು ಬರೆದು ಮೊದಲ ಬಹುಮಾನ ಕೊಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು. ನಮ್ಮಲ್ಲಿ ಬಹುಮಾನ ಕೊಡುವುದು ಸ್ಪಾನ್ಸರ್‌ಗಳು. ಆ ಸ್ಪರ್ಧೆಗೆ ಪ್ರತಿವರ್ಷವೂ ಸ್ಪಾನ್ಸರ್ ಆಂಟಿಯ ಅಂಗಡಿ. ನಾನೇ ಮೈಕಿನಲ್ಲಿ ಕರೆದೆ.

ರೇಷ್ಮೆ ಸೀರೆ ಉಟ್ಟು ನಗುತ್ತಲೇ ಬಂದರು. ಬಹುಮಾನದ ಫಲಕ ಕೈಗೆ ತೆಗೆದುಕೊಂಡು ಚಿತ್ರದ ಕಡೆ ತಿರುಗಿದವರು ಹಾಗೇ ನಿಂತುಬಿಟ್ಟರು. ಹುಡುಗಿ "ಆಂಟಿ, ಇಟ್ಸ್ ಜಸ್ಟ್ ಆರ್ಟ್" ಅಂದಳು. ಆಂಟಿ ಫಲಕವನ್ನು ಮೇಜಿನ ಮೇಲಿಟ್ಟು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು.

"ಇವನ ಹೆಸರೇನು, ಗೊತ್ತಿರೋರು ಹೇಳಿ."

ಹಾಲಿನ ನಾಲ್ಕೂ ಕಡೆಯಿಂದ ಹೆಸರು ಬಂತು. ಹಿಂದಿನ ಸಾಲಿನ ಮಕ್ಕಳು ಕೈ ಎತ್ತಿ ಕೂಗಿದರು.

"ಇವನು ಶೂಟ್ ಮಾಡಿದ್ನಲ್ಲ, ನಮ್ಮನೆಯವ್ರು... ಅವರ ಹೆಸರೇನು?"

ಎತ್ತಿದ್ದ ಕೈಗಳು ಕೆಳಗಿಳಿದವು. ಎಂಟು ವರ್ಷ ಅವರ ಕೈಯ ಕರಿಬೇವು ತಿಂದವನು ನಾನು; ನನಗೂ ಅವರು ಬರೀ ಅಂಕಲ್. ಆಂಟಿಯ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. "ಇವರು", "ನಮ್ಮನೆಯವರು", ಅಷ್ಟೇ. ಅವತ್ತು ಹೇಳಿದರು. ಊರಿನ ಹೆಸರು ಸೇರಿಸಿ, ಅಪ್ಪನ ಹೆಸರು ಸೇರಿಸಿ, ಪೂರ್ತಿ ಹೇಳಿದರು. ಮೈಕ್ ನನ್ನ ಕೈಗಿಟ್ಟು, ಊಟಕ್ಕೂ ನಿಲ್ಲದೆ ಹೊರಟುಹೋದರು. ತಡೆಯುವ ಯೋಗ್ಯತೆ ನನಗಿರಲಿಲ್ಲ.

ಮತ್ತೆ ಅವರು ಕೂಟಕ್ಕೆ ಬರಲಿಲ್ಲ. ಅಂಗಡಿ ಮಾರಿ, ಬೇರೆ ರಾಜ್ಯದ ಬ್ಯಾಲಂಟೈನ್‌ನಲ್ಲಿದ್ದ ಮಗಳ ಮನೆಗೆ ಹೋದರು. ಹೋದ ಚಳಿಗಾಲ ಅಲ್ಲೇ ತೀರಿಕೊಂಡರಂತೆ...

ಇದನ್ನು ಬರೆಯಲು ಕೂತಾಗ ಅಂಕಲ್‌ರ ಹೆಸರನ್ನಾದರೂ ಮೊದಲ ಸಾಲಿನಲ್ಲಿ ಬರೆಯೋಣ ಅಂದುಕೊಂಡಿದ್ದೆ. ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ, ನೆನಪಾಗುತ್ತಿಲ್ಲ. ಅಂಗಡಿಯ ಹೆಸರು ಹಾಕಿ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಾಲು ಸಾಲಾಗಿ ಅವನ ಮುಖವೇ ಬಂತು. ಅಂಕಲ್ ಎಲ್ಲೋ ಕೆಳಗೆ "ಅಂಗಡಿಯ ಮಾಲೀಕ". ಜೀವಮಾನವೆಲ್ಲ ನಾಲಿಗೆಯ ಮೇಲೆ ತರದ ಹೆಸರನ್ನು ಆ ತಾಯಿ ನಮಗೆಂದು ಹೇಳಿ ಹೋದರು, ನಾನು ಅದನ್ನೂ ಕಳೆದುಕೊಂಡೆ. ಕೊಂದವನ ಹೆಸರು ಮಾತ್ರ, ಬೇಡವೆಂದರೂ, ಬಾಯಿಗೆ ಬರುತ್ತದೆ.